ದೂರದ ಊರಿನಲ್ಲಿ 40% ಜಾಸ್ತಿ ಸಂಬಳ ಕೊಡ್ತಾರಂತೆ, ಹೋಗಬಹುದಾ?

ನಿಮ್ಮ ಪಟ್ಟಿ ನೋಡಿದೆ. ಎಡಗಡೆ ಊರುಗಳು, ಪಕ್ಕದಲ್ಲಿ ಮಷಿನ್ ಡಿಸೈನ್ ಕೆಲಸಕ್ಕೆ ಅಲ್ಲಿ ಸಿಗುವ ಸಂಬಳ, ಕೊನೆಯಲ್ಲಿ ಬಾಡಿಗೆ ಕಳೆದು ಉಳಿಯುವ ದುಡ್ಡು. ಎಲ್ಲಕ್ಕಿಂತ ಮೇಲೆ ದೂರದ ಆ ಒಂದು ಊರು. ಅದರ ಕೆಳಗೆ ಒಂದು ಸಾಲು: 'ಹೆಂಡತಿಗೆ ಅಲ್ಲೇ ಏನಾದರೂ ಸಿಗುತ್ತದೆ.'

ಆ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. 26ನೇ ವಯಸ್ಸಿನಲ್ಲಿ ನಾನೂ ಇದೇ ಪಟ್ಟಿ ಮಾಡಿದ್ದೆ, ಇದೇ ಸಾಲು ಬರೆದಿದ್ದೆ. ಆ ಹಾಳೆಯನ್ನು ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೆ.

ನಾನು ಟೂಲ್‌ರೂಮಿನವನು. ಪ್ಲಾಸ್ಟಿಕ್ ಸಾಮಾನಿಗೆ ಬೇಕಾದ ಮೋಲ್ಡ್, ಅಂದರೆ ಅಚ್ಚು, ಮಾಡುವುದು ನನ್ನ ಕಸುಬು. ದೊಡ್ಡ ನಗರದಲ್ಲಿ, ಒಂದೇ ರಸ್ತೆಯಲ್ಲಿ ಹತ್ತಾರು ಟೂಲ್‌ರೂಮ್ ಇರುವ ಕಡೆ ಕೆಲಸ ಕಲಿತೆ. ದೂರದ ಒಂದು ಫ್ಯಾಕ್ಟರಿಯಿಂದ ಆಫರ್ ಬಂತು. ನನ್ನ ಸಂಬಳ 100 ಅಂತಿಟ್ಟುಕೊಳ್ಳಿ, ಅವರು 140 ಕೊಟ್ಟರು. ನಗರದಲ್ಲಿ 45 ಬಾಡಿಗೆಗೇ ಹೋಗುತ್ತಿತ್ತು. ಅಲ್ಲಿ ಕಂಪನಿಯದೇ ಕ್ವಾರ್ಟರ್ಸ್, 10 ಕೊಟ್ಟರೆ ಸಾಕು. ಹೆಂಡತಿ ಲ್ಯಾಬ್ ಟೆಕ್ನಿಷಿಯನ್, ಅವಳಿಗೆ 60 ಬರುತ್ತಿತ್ತು. ಅಲ್ಲಿ ಅವಳಿಗೆ ಕೆಲಸವೇ ಸಿಗದಿದ್ದರೂ, ಎಲ್ಲ ಕೂಡಿ ಕಳೆದರೆ ಇಲ್ಲಿ ಉಳಿಯುವುದು 115, ಅಲ್ಲಿ 130. ಲೆಕ್ಕ ತಪ್ಪಿರಲಿಲ್ಲ. ಅದಕ್ಕೇ ತಪ್ಪು ಎಲ್ಲಿದೆ ಅಂತ ನನಗೆ ಬಹಳ ದಿನ ಗೊತ್ತಾಗಲೇ ಇಲ್ಲ.

ಆ ಊರಿನಲ್ಲಿ ನನ್ನ ಕಸುಬಿಗೆ ಇದ್ದದ್ದು ಒಂದೇ ಬಾಗಿಲು. ಎರಡನೆಯ ಟೂಲ್‌ರೂಮ್ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಸಂಬಳದ ಕಾಲಂ ಇತ್ತು, ಬಾಡಿಗೆಯ ಕಾಲಂ ಇತ್ತು. 'ಈ ಕೆಲಸ ಕೊಡುವವರು ಈ ಊರಿನಲ್ಲಿ ಎಷ್ಟು ಜನ' ಅನ್ನುವ ಕಾಲಂ ಇರಲಿಲ್ಲ. ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಮೂರನೇ ವರ್ಷ ಸಂಬಳ ಜಾಸ್ತಿ ಮಾಡಿ ಅಂತ ಕೇಳಲು ಹೋದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಗದರಿದವರಲ್ಲ. 'ಬೇರೆ ಎಲ್ಲಿಂದಾದರೂ ಆಫರ್ ಬಂದಿದೆಯಾ?' ಅಂತ ಕೇಳಿದರು. ಇಲ್ಲ ಸಾರ್ ಅಂದೆ. 'ಹಾಗಾದರೆ ಮುಂದಿನ ವರ್ಷ ನೋಡೋಣ' ಅಂದರು. ಮಾತು ಅಷ್ಟೇ. ನಗರದಲ್ಲಾಗಿದ್ದರೆ ಆ ಪ್ರಶ್ನೆಗೆ ಉತ್ತರ ರಸ್ತೆಯ ಆ ಬದಿಯಲ್ಲೇ ಇರುತ್ತಿತ್ತು. ಇಲ್ಲಿ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಿತ್ತು, ಕ್ವಾರ್ಟರ್ಸ್ ಅವರದ್ದೇ ಅಲ್ವಾ.

ಕೊಳ್ಳುವವನು ಒಬ್ಬನೇ ಇದ್ದರೆ ಬೆಲೆ ಅವನು ಹೇಳಿದ್ದೇ. ದುಡಿಮೆಯ ವಿಷಯದಲ್ಲೂ ಹಾಗೇ. ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್‌ಸನ್ 1933ರಲ್ಲೇ ಇದನ್ನು ವಿವರಿಸಿದ್ದರು. 'ಮಾನಾಪ್ಸನಿ' ಅನ್ನುವ ಹೆಸರು ಆಗಿನಿಂದ ಬಳಕೆಯಲ್ಲಿದೆ. ಕೆಲಸ ಹೋದ ಮೇಲೆ ಕೂತು ಓದಿದಾಗ ನನಗೆ ತಿಳಿದದ್ದು.

ನನಗೆ ವರ್ಷಕ್ಕೆ ಸುಮಾರು 3% ಏರಿಕೆ. ನಗರದಲ್ಲಿ ಉಳಿದ ಗೆಳೆಯರು ಎರಡು ಮೂರು ಕಡೆ ಕೆಲಸ ಬದಲಿಸಿ, ಸರಾಸರಿ 10% ಏರಿಸಿಕೊಳ್ಳುತ್ತಿದ್ದರು. ನೀವೇ ಕ್ಯಾಲ್ಕುಲೇಟರ್ ಹಿಡಿದು ನೋಡಿ. 140ಕ್ಕೆ 3% ಸೇರಿಸುತ್ತಾ ಹೋದರೆ 5 ವರ್ಷಕ್ಕೆ 162. 100ಕ್ಕೆ 10% ಸೇರಿಸುತ್ತಾ ಹೋದರೆ 161. ಅಲ್ಲಿಗೆ ಸಮ. ಆರನೇ ವರ್ಷ ನನ್ನದು 167, ಅವರದು 177. ನಾನು ಕುಣಿದಾಡಿಕೊಂಡು ಹೋಗಿದ್ದ ಆ 40% ಇಷ್ಟು ಬೇಗ ಕರಗಿಹೋಯಿತು. ಇದರಲ್ಲಿ ಹೆಂಡತಿಯ ಸಂಬಳ ಇನ್ನೂ ಸೇರಿಸಿಲ್ಲ. ಆ ಊರಿನಲ್ಲಿ ಇದ್ದದ್ದು ಒಂದೇ ಲ್ಯಾಬ್, ಅಲ್ಲಿ ಆಗಲೇ ಇಬ್ಬರಿದ್ದರು. ಕೈತುಂಬಾ ಕೆಲಸ ಗೊತ್ತಿದ್ದವಳು ಆರು ವರ್ಷ ಮನೆಯಲ್ಲಿ ಕೂತಳು. ಒಂದು ದಿನವೂ ನನ್ನನ್ನು ದೂರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ದುಡ್ಡಿಗಿಂತ ದೊಡ್ಡ ನಷ್ಟ ಕೈಕೆಲಸದ್ದು. ಆ ಫ್ಯಾಕ್ಟರಿಯಲ್ಲಿ ಒಂದೇ ತರಹದ ಮೋಲ್ಡ್, ಅದರ ರಿಪೇರಿ, ಮತ್ತೆ ಅದೇ ಮೋಲ್ಡ್. ನಗರದ ಆ ರಸ್ತೆಯಲ್ಲಿ ಯಾರಾದರೂ ಹೊಸ ಮಷಿನ್ ತಂದರೆ ವಾರದೊಳಗೆ ಎಲ್ಲರಿಗೂ ಸುದ್ದಿ, ತಿಂಗಳೊಳಗೆ ಯಾರೋ ಒಬ್ಬರು ಅದನ್ನು ನಡೆಸುವುದು ತೋರಿಸುತ್ತಿದ್ದರು. ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ ವಿದ್ಯೆ ಗಾಳಿಯಲ್ಲೇ ಇರುತ್ತದೆ ಅನ್ನುವ ಅರ್ಥದಲ್ಲಿ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದರು. ಅಮೆರಿಕದ ನಗರಗಳ ಬಗ್ಗೆ ಗ್ಲೇಸರ್ ಮತ್ತು ಮಾರೆ ಅನ್ನುವವರು 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರದ್ದೇ ಹೇಳುತ್ತದೆ. ನಗರಕ್ಕೆ ಬಂದವರಿಗೆ ಜಾಸ್ತಿ ಸಂಬಳ ಮೊದಲ ದಿನವೇ ಪೂರ್ತಿ ಸಿಗುವುದಿಲ್ಲ, ವರ್ಷ ಕಳೆದಂತೆ ಏರುತ್ತದೆ. ನಗರ ಬಿಟ್ಟು ಹೋದರೂ ಅದು ಒಮ್ಮೆಲೇ ಇಳಿಯುವುದಿಲ್ಲ. ಅಂದರೆ ಜನ ಅಲ್ಲಿ ಏನನ್ನೋ ಕಲಿತು, ಅದನ್ನು ಕೈಯಲ್ಲಿ ಹಿಡಿದೇ ಹೊರಗೆ ಹೋಗುತ್ತಾರೆ. ನಾನು ಕಲಿಯುವ ವಯಸ್ಸಿನಲ್ಲೇ ಎದ್ದು ಹೋಗಿದ್ದೆ.

ಆರನೇ ವರ್ಷದ ಕೊನೆಗೆ ಫ್ಯಾಕ್ಟರಿಯವರು ಮೋಲ್ಡ್ ಹೊರಗಿನಿಂದ ತರಿಸಲು ಶುರು ಮಾಡಿ ಟೂಲ್‌ರೂಮ್ ಮುಚ್ಚಿದರು. 11 ಜನ ಒಂದೇ ದಿನ ಹೊರಗೆ. ಒಂದೇ ಕಸುಬಿನ 11 ಜನ, ಆ ಕಸುಬು ಬೇಡವಾದ ಊರಿನಲ್ಲಿ.

ವಾಪಸ್ ನಗರಕ್ಕೆ ಬಂದು ಇಂಟರ್‌ವ್ಯೂಗೆ ಹೋದೆ. ಫೋರ್‌ಮನ್ ಒಂದು ಕೋರ್, ಒಂದು ಕ್ಯಾವಿಟಿ, ಅಂದರೆ ಮೋಲ್ಡಿನ ಎರಡು ಭಾಗ, ತಂದು ಬೆಂಚಿನ ಮೇಲಿಟ್ಟರು. ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ ಹಚ್ಚಿ ಎರಡನ್ನೂ ಕೂಡಿಸಿದೆ, ಬಿಚ್ಚಿದೆ, ನೀಲಿ ಕೂತ ಕಡೆಯಷ್ಟೇ ಉಜ್ಜಿದೆ. ಮೂರನೇ ಸಲಕ್ಕೆ ಸುತ್ತಲೂ ಒಂದೇ ಸಮ ನೀಲಿ ಬಂತು. ಅವರು ತಲೆಯಾಡಿಸಿದರು. ಆಮೇಲೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಫೈವ್ ಆಕ್ಸಿಸ್ ಮಷಿನ್ ಮುಂದೆ ನಿಲ್ಲಿಸಿದರು. ಅದರ ಸ್ಕ್ರೀನ್ ಮೇಲೆ ಏನು ಒತ್ತಬೇಕು ಅಂತ ನನಗೆ ಗೊತ್ತಿರಲಿಲ್ಲ. ನನಗಿಂತ 6 ವರ್ಷ ಚಿಕ್ಕ ಹುಡುಗನ ಕೈಕೆಳಗೆ ಕೆಲಸ ಕೊಟ್ಟರು. ಒಂದೂವರೆ ವರ್ಷ ಅವನ ಪಕ್ಕದಲ್ಲೇ ನಿಂತು ಕಲಿತೆ. ಅವನು ಏನನ್ನೂ ಮುಚ್ಚಿಡಲಿಲ್ಲ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಈಗ ನಿಮ್ಮ ವಿಷಯ. 'ನನ್ನ ಕೆಲಸಕ್ಕೆ ಎಲ್ಲಿ ಸಂಬಳ ಜಾಸ್ತಿ' ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನಿಸುತ್ತದೆ. ಸಂಬಳ ಇವತ್ತಿನ ಮಾತು. ನೀವು ಕೇಳಬೇಕಾದದ್ದು, ಈ ಕೆಲಸ ಹೋದರೆ ಅದೇ ಊರಿನಲ್ಲಿ ಮುಂದಿನ ಕೆಲಸ ಎಷ್ಟು ದಿನಕ್ಕೆ ಸಿಗುತ್ತದೆ ಅಂತ. ಹ್ಯಾರಿಸ್ ಮತ್ತು ಟೊಡಾರೊ ಅನ್ನುವ ಅರ್ಥಶಾಸ್ತ್ರಜ್ಞರು 1970ರಲ್ಲಿ, ಹಳ್ಳಿಯಿಂದ ನಗರಕ್ಕೆ ಹೋಗುವವರ ಬಗ್ಗೆ ಬರೆಯುವಾಗ, ಜನ ಬರೀ ಸಂಬಳ ನೋಡುವುದಿಲ್ಲ, ಅದನ್ನು ಕೆಲಸ ಸಿಗುವ ಸಾಧ್ಯತೆಯಿಂದ ಗುಣಿಸಿ ನೋಡುತ್ತಾರೆ ಅಂದರು. ನಾನು ಗುಣಿಸಲಿಲ್ಲ. ನೀವು ಗುಣಿಸಿ.

ಎಲ್ಲರೂ ದೊಡ್ಡ ನಗರಕ್ಕೇ ಹೋಗಿ ಅಂತ ನಾನು ಹೇಳುತ್ತಿಲ್ಲ. ನರ್ಸ್, ಟೀಚರ್, ಎಲೆಕ್ಟ್ರಿಷಿಯನ್, ಇವರ ಕೆಲಸ ಜನ ಇರುವ ಕಡೆಯೆಲ್ಲ ಇರುತ್ತದೆ. ಇಂಥವರಿಗೆ ನಗರದ ಹೆಚ್ಚುವರಿ ಸಂಬಳವನ್ನು ಬಾಡಿಗೆಯೇ ನುಂಗಬಹುದು. ಎಲ್ಲ ಕಡೆ ಒಂದೇ ಪೇ ಸ್ಕೇಲ್ ಇರುವ ಕೆಲಸವಾದರೆ ಖರ್ಚು ಕಡಿಮೆ ಇರುವ ಊರೇ ಸರಿ. ಅಮೆರಿಕದಲ್ಲಿ ಡಿಗ್ರಿ ಇಲ್ಲದವರಿಗೆ ದೊಡ್ಡ ನಗರದಲ್ಲಿ ಮೊದಲು ಸಿಗುತ್ತಿದ್ದ ಲಾಭ 1980ರಿಂದ ಈಚೆಗೆ ಬಹುಪಾಲು ಕರಗಿದೆ ಅಂತ ಡೇವಿಡ್ ಆಟರ್ ಅನ್ನುವ ಅರ್ಥಶಾಸ್ತ್ರಜ್ಞ ತೋರಿಸಿದ್ದಾರೆ. ಆದರೆ ನಿಮ್ಮದು, ನನ್ನದು ಬೇರೆ ತರಹದ ಕಸುಬು. ಮಾಡಿದ ವಸ್ತು ಎಲ್ಲಿಗೋ ಹೋಗುತ್ತದೆ, ಮಾಡುವವರು ಮಾತ್ರ ಕೆಲವೇ ಕಡೆ ಗುಂಪಾಗಿ ಸೇರಿರುತ್ತಾರೆ. ಇಂಥ ಕೆಲಸದಲ್ಲಿ ಮೊದಲ ಹತ್ತು ವರ್ಷ ಗುಂಪು ಬಿಟ್ಟು ಹೋಗಬೇಡಿ. ಕೈ ಪಳಗಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗಿ. ಮನೆಯಿಂದಲೇ ಕೆಲಸ ಮಾಡಬಹುದಾ ಅಂತಲೂ ಕೇಳಿದ್ದೀರಿ. ಪಕ್ಕದಲ್ಲಿ ನಿಂತು ಕಲಿಯುವುದು ಇನ್ನೂ ಬಾಕಿ ಇರುವವರಿಗೆ ಅದು ಬೇಡ, ನನ್ನ ಮಾತು ಅಷ್ಟೇ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಆ ಊರಿನಲ್ಲಿ ಕಳೆದ ಮೂರು ತಿಂಗಳಲ್ಲಿ ನಿಮ್ಮ ಕೆಲಸಕ್ಕೆ ಎಷ್ಟು ಬೇರೆ ಬೇರೆ ಕಂಪನಿಗಳು ಜಾಹೀರಾತು ಕೊಟ್ಟಿವೆ ಅಂತ ಎಣಿಸಿ. ನಿಮ್ಮ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೆಲಸಕ್ಕೂ ಎಣಿಸಿ. ಎರಡೂ ಸಂಖ್ಯೆಗಳನ್ನು ಇಲ್ಲೇ ಕೆಳಗೆ ಬರೆಯಿರಿ. ಯಾವುದಾದರೂ ಒಂದು 'ಒಂದು' ಅಂತ ಬಂದರೆ ಆಫರ್‌ಗೆ ಸಹಿ ಹಾಕುವ ಮೊದಲು ನನ್ನ ಜೊತೆ ಒಮ್ಮೆ ಮಾತಾಡಿ.