ಬಾಡಿಗೆ ಮನೆ ಮೆಟ್ಲು: ಓಕ್ ಆರ್ಡರ್ ಮಾಡೋ ಮುಂಚೆ ಒಂದ್ನಿಮಿಷ

ಸರ್, ಟೆನೆಂಟ್ ಖಾಲಿ ಮಾಡಿದ್ಮೇಲೆ ಟೌನ್‌ಹೌಸ್ ಮೆಟ್ಲಿನ ಕಾರ್ಪೆಟ್ ನಾಯಿ ವಾಸನೆ ಹೊಡೀತಿದೆ, ಕಿತ್ತು ಹಳೇ ಹಲಗೆ ಮೇಲೇ 1 ಇಂಚಿನ ಓಕ್ ಟ್ರೆಡ್ (ಕಾಲಿಡೋ ಹಲಗೆ) ಅಂಟಿಸ್ಬಿಡ್ಲಾ, ಒಂದು ವೀಕೆಂಡ್ ಸಾಕಾ ಅಂತ ಕೇಳಿದೀರ. ಸಾಕಾಗಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನಾವು ಬಾಡಿಗೆಗೆ ಕೊಟ್ಟಿರೋ ಮನೇಲಿ 14 ಮೆಟ್ಲು ನಾನೇ ಮಾಡಿದ್ದು, ಎರಡು ವೀಕೆಂಡು, ಮೇಲೆ ನಾಲ್ಕು ಸಂಜೆ ಹೋಯ್ತು, ಅದ್ರಲ್ಲಿ ಅರ್ಧ ಟೈಮು ಸ್ಟೇಪಲ್ ಪಿನ್ ಕೀಳೋದ್ರಲ್ಲೇ.

ಮೊದ್ಲು ಒಂದು ಮೆಟ್ಲಲ್ಲಿ ಮೂಲೆ ಹಿಡಿದು ಇಕ್ಕಳದಲ್ಲಿ ಕಾರ್ಪೆಟ್ ಎತ್ತಿ ನೋಡಿ. ಅಡೀಲಿ ಒಳ್ಳೆ ಪೈನ್ ಹಲಗೆ ಇದ್ರೆ ಉಜ್ಜಿ ಪಾಲಿ (ಪಾಲಿಯುರೆಥೇನ್ ವಾರ್ನಿಷ್) ಹೊಡೀರಿ ಸಾಕು, ಬಾಡಿಗೆ ಮನೆಗೆ ಅದಕ್ಕಿಂತ ಏನೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಓಎಸ್‌ಬಿ (ಮರದ ಚಕ್ಕೆ ಒತ್ತಿ ಮಾಡಿದ ಹಲಗೆ) ಅಥವಾ ಪಾರ್ಟಿಕಲ್ ಬೋರ್ಡ್ ಇದ್ರೆ ಓಕ್ ಬಗ್ಗೆ ಯೋಚ್ನೆ ಮಾಡಿ. ನಾಯಿ ಉಚ್ಚೆ ಹೀರಿ ಉಬ್ಬಿರೋ ಬೋರ್ಡ್ ಮೇಲಂತೂ ಏನೂ ಅಂಟಿಸ್ಬೇಡಿ, ಕಿತ್ತು ಬಿಸಾಕಿ.

ಈಗ ಎಲ್ರೂ ಎಡವೋ ಜಾಗ. ಎಲ್ಲಾ ಮೆಟ್ಲಿಗೂ 1 ಇಂಚು ಏರಿಸಿದ್ರೆ ನಡುವಿನ ಮೆಟ್ಲುಗಳ ಎತ್ತರ ಬದ್ಲಾಗಲ್ಲ, ಆದ್ರೆ ಕೆಳಗಿನ ಮೊದಲ್ನೇದು 1 ಇಂಚು ಜಾಸ್ತಿ ಆಗತ್ತೆ, ಮೇಲೆ ಲ್ಯಾಂಡಿಂಗ್‌ಗೆ ಹತ್ತೋ ಕೊನೇದು 1 ಇಂಚು ಕಮ್ಮಿ, ಅಲ್ಲಿಗೆ ಎರಡರ ನಡುವೆ 2 ಇಂಚು ವ್ಯತ್ಯಾಸ. ಐಆರ್‌ಸಿ ಕೋಡ್ (ಅಮೆರಿಕದಲ್ಲಿ ಮನೆ ಕಟ್ಟೋ ನಿಯಮಾವಳಿ) ಪ್ರಕಾರ ಒಂದೇ ಸಾಲಿನ ಮೆಟ್ಲಲ್ಲಿ ಅತಿ ಎತ್ತರದ ರೈಸರ್‌ಗೂ (ಮೆಟ್ಲಿನ ನಿಂತ ಭಾಗ) ಅತಿ ಗಿಡ್ಡದಕ್ಕೂ 3/8 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರ್ಬಾರ್ದು. ನಾನು ಈ ತಪ್ಪನ್ನ ನಮ್ಮ ಸ್ವಂತ ಮನೇಲಿ ಮಾಡಿದ್ದೆ, ಮೈಸೂರಿಂದ ಬಂದಿದ್ದ ಅಪ್ಪ ಕಾಫಿ ಲೋಟ ಹಿಡ್ಕೊಂಡು ಹತ್ತೋವಾಗ ಕೊನೇ ಮೆಟ್ಲಲ್ಲಿ ಕಾಲು ಧೊಪ್ ಅಂತ ಇಟ್ಟು ಮುಗ್ಗರಿಸಿದ್ರು, ಕಾಫಿ ಗೋಡೆಗೆ. "ಇದೊಂದು ಮೆಟ್ಲು ಮೋಸ ಮಾಡತ್ತೆ ಕಣೋ" ಅಂದ್ರು. ಆಮೇಲೆ ಟೇಪ್ ಹಿಡಿದು ಅಳೆದ್ರೆ ಲೆಕ್ಕ ಸಿಕ್ತು. ಟೆನೆಂಟ್ ಬಿದ್ರೆ ಇಷ್ಟಕ್ಕೆ ಮುಗಿಯಲ್ಲ ಸರ್.

ಅದಕ್ಕೇ ಬಾಡಿಗೆ ಮನೇಲಿ ಹಳೇ ಹಲಗೇನೇ ಎಬ್ಬಿಸಿ ಅಷ್ಟೇ ದಪ್ಪದ ಓಕ್ ಕೂರಿಸ್ದೆ. ಹಲಗೆ ಸ್ಟ್ರಿಂಗರ್ (ಮೆಟ್ಲುಗಳನ್ನ ಹೊರೋ ಓರೆ ತೊಲೆ) ಮೇಲೆ ಮೊಳೆ ಹೊಡೆದು ಕೂರಿಸಿದ್ರೆ ಮಾತ್ರ ಇದು ಆಗೋದು, ಪಕ್ಕದ ಸ್ಟ್ರಿಂಗರ್‌ನಲ್ಲಿ ಕೊರೆದ ಸಂದಿ ಒಳಗೆ ತೂರಿಸಿದ್ರೆ ಮುಟ್ಬೇಡಿ. ಅಂಥದ್ರಲ್ಲಿ ಮುಂದಿನ ಉಂಡೆ ಅಂಚನ್ನ ರೈಸರ್ ಸಮಕ್ಕೆ ಕುಯ್ದು ತೆಳು ರೆಟ್ರೋಫಿಟ್ ಟ್ರೆಡ್ (ಹಳೇದರ ಮೇಲೇ ಕೂರೋದು) ಹಾಕಿ, ಅದೂ 3/8 ಇಂಚಿನ ಮಿತಿ ದಾಟಿಸಿದ್ರೆ ಕೆಳಗಿನ ಹಾಲ್‌ಗೂ ಮೇಲಿನ ಲ್ಯಾಂಡಿಂಗ್‌ಗೂ ಹೊಸ ಫ್ಲೋರ್ ಹಾಕಿ ಎರಡೂ ಕಡೆ ಎತ್ತರ ಹೊಂದಿಸಿ. ಮೆಟ್ಲು ಏರಿದ್ರೆ ಹ್ಯಾಂಡ್‌ರೇಲ್ ಅಷ್ಟೇ ತಗ್ಗಿದ ಹಾಗೆ, ನೋಸಿಂಗಿಂದ (ಮೆಟ್ಲಿನ ಮುಂದಿನ ಅಂಚು) 34 ರಿಂದ 38 ಇಂಚು ಒಳಗಿದೆಯಾ ನೋಡ್ಕೊಳ್ಳಿ.

ಕಿರಕಿರ ಅನ್ನೋ ಮೆಟ್ಲಿಗೆ ಮುಚ್ಚೋ ಮುಂಚೇನೇ ಸ್ಟ್ರಿಂಗರ್‌ಗೆ ಸ್ಕ್ರೂ ಬಿಗೀರಿ. ಎಲ್ಲಾ ಒಂದೇ ಅಗಲ ಅಂತ 14 ಹಲಗೆ ಒಟ್ಟಿಗೆ ಕುಯ್ಬೇಡಿ, ನಮ್ಮಲ್ಲಿ ಒಂದೊಂದೂ ಕಾಲಿಂಚು ಹೆಚ್ಚುಕಮ್ಮಿ, ಮೂಲೇನೂ ನೇರ ಇಲ್ಲ, ನಾನು ಪಿಜ್ಜಾ ಡಬ್ಬಿ ರಟ್ಟಲ್ಲಿ ಅಚ್ಚು ತೆಗೆದು ನಂಬರ್ ಬರೆದಿಟ್ಕೊಂಡೆ. ರೈಸರ್ ಮೊದ್ಲು, ಆಮೇಲೆ ಟ್ರೆಡ್. ಅಂಟು ಒಣಗೋವರೆಗೂ ಓಡಾಡ್ಬೇಕಲ್ಲ, ಹಾಗಾಗಿ ಒಂದು ಬಿಟ್ಟು ಒಂದು ಮಾಡಿ.

ಜಾರೋ ವಿಷ್ಯ ಮರೀಬೇಡಿ, ಸಾಕ್ಸ್ ಹಾಕ್ಕೊಂಡು ಓಡೋ ಮಕ್ಳಿಗೆ ಪಾಲಿ ಹೊಡೆದ ಓಕ್ ಐಸ್ ಇದ್ದ ಹಾಗೆ. ಕೊನೇ ಕೋಟ್‌ಗೆ ಆಂಟಿ ಸ್ಲಿಪ್ ಪೌಡರ್ ಬೆರೆಸಿ, ಇಲ್ಲಾಂದ್ರೆ ನಡುವೆ ರನ್ನರ್ (ಉದ್ದನೆ ಕಾರ್ಪೆಟ್ ಪಟ್ಟಿ) ಹಾಕಿ, ಹಾಳಾದ್ರೆ ರನ್ನರ್ ಒಂದೇ ಬದ್ಲಾಯಿಸ್ಬೋದು.

ಮನೆ 1978ಕ್ಕಿಂತ ಹಳೇದಾದ್ರೆ ಅಮೆರಿಕದ ಲೆಡ್ (ಸೀಸದ) ಪೇಂಟ್ ನಿಯಮ ಬರತ್ತೆ, ಬಾಡಿಗೆ ಮನೇಲಿ ಓನರ್ ತಾನೇ ಪೇಂಟ್ ಕೆರೆದ್ರೂ ಲೆಕ್ಕಕ್ಕೆ. ಟ್ಯಾಕ್ಸಲ್ಲಿ ಕಾರ್ಪೆಟ್‌ಗೆ 5 ವರ್ಷದ ಡಿಪ್ರಿಸಿಯೇಷನ್ (ಖರ್ಚನ್ನ ವರ್ಷ ವರ್ಷ ಹಂಚಿ ಕಳೆಯೋದು), ಹೊಸ ಟ್ರೆಡ್ ಇಂಪ್ರೂವ್‌ಮೆಂಟ್ ಅಂತಾದ್ರೆ 27.5 ವರ್ಷ, ಖರ್ಚು ಮಾಡೋ ಮುಂಚೆ ಸಿಪಿಎ (ಅಕೌಂಟೆಂಟ್) ಹತ್ರ ಮಾತಾಡಿ.

ಮೊದಲ ಎರಡು, ಕೊನೇ ಎರಡು ರೈಸರ್ ಅಳತೆ, ಕಾರ್ಪೆಟ್ ಎತ್ತಿದ ಮೂಲೇದೊಂದು ಫೋಟೋ ಇಲ್ಲೇ ಹಾಕಿ, ಎಷ್ಟು ದಪ್ಪದ ಹಲಗೆ ತಗೋಬೋದು ಅಂತ ಲೆಕ್ಕ ಹಾಕೋಣ.