ನೌಕೆ ಇಲ್ಲದೆ ಗಲಾಪಗೋಸ್ ನೋಡಬಹುದೇ?

ನೋಡಬಹುದು. ಈಕ್ವೆಡಾರ್ ದೇಶದ ಈ ದ್ವೀಪಗಳ ಪ್ರವಾಸಕ್ಕೆ ನಿಮ್ಮ ಖರ್ಚಿನ ಅಂದಾಜು ಕೈಮೀರಿದೆ ಎಂದಿದ್ದೀರಿ. ಅದಕ್ಕೆ ಕಾರಣ ಬಹುಶಃ ವಿಹಾರ ನೌಕೆಯ ಪ್ಯಾಕೇಜ್. ಅದನ್ನು ಕೈಬಿಟ್ಟು ಊರುಗಳಲ್ಲೇ ತಂಗಿ.

ಮೊದಲು ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 200 ಡಾಲರ್ ಎತ್ತಿಡಿ, ಅದನ್ನು ತಪ್ಪಿಸಲಾಗದು. ಆಮೇಲೆ ಸಾಂತಾ ಕ್ರೂಜ್ ದ್ವೀಪ ತಲುಪಿ ಟೋರ್ಟುಗಾ ಬೇ ಕಡಲತೀರಕ್ಕೆ ನಡೆದೇ ಹೋಗಿ, ಮಾರ್ಗದರ್ಶಿ ಬೇಕಿಲ್ಲ. ಕಪ್ಪು ಲಾವಾ ಬಂಡೆಗೆ ಒರಗಿ ಬಿಸಿಲು ಕಾಯುವ ಕಡಲ ಇಗ್ವಾನಾಗಳು (ದೊಡ್ಡ ಹಲ್ಲಿಯಂಥ ಪ್ರಾಣಿಗಳು) ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತವೆ. ಅದೊಂದು ನೋಟಕ್ಕೇ ಅಷ್ಟು ದೂರ ಹೋಗಬಹುದು! ಪ್ರಾಣಿಗಳಿಂದ ಎರಡು ಮೀಟರ್ ಅಂತರ ಮಾತ್ರ ಕಡ್ಡಾಯ.

ಅಲ್ಲಿಂದ ದೋಣಿಯಲ್ಲಿ ಸಾನ್ ಕ್ರಿಸ್ಟೋಬಲ್ ದ್ವೀಪಕ್ಕೆ ಹೋಗಿ. ಕಡಲಸಿಂಹಗಳು ಊರಿನ ಬೆಂಚುಗಳ ಮೇಲೆಯೇ ಮಲಗಿರುತ್ತವೆ. ದೋಣಿಯ ದಾರಿಯಲ್ಲಿ ಅಲೆ ಜೋರಾಗಿರುತ್ತದೆ, ವಾಂತಿ ತಡೆಯುವ ಮಾತ್ರೆ ಮೊದಲೇ ನುಂಗಿ. ಪೆಂಗ್ವಿನ್ ನೋಡಲೇಬೇಕೆಂದಿದ್ದರೆ ಇಸಬೆಲಾ ದ್ವೀಪದಿಂದ ಒಂದು ದಿನದ ಪ್ರವಾಸ ಸಾಕು. ಕೊನೆಯ ಗಳಿಗೆಯಲ್ಲಿ ಆ ಪ್ರವಾಸದ ಸೀಟು ಅಗ್ಗಕ್ಕೆ ಸಿಗಬಹುದು, ಖಾತರಿಯಿಲ್ಲ. ಹಾಗಾಗಿ ಇಸಬೆಲಾದಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.