ವೆಂಟಿಲೇಟರ್ ಬೇಡ ಅಂದರೆ ಆತ್ಮಹತ್ಯೆಯೇ?

ವಸಾಯಿಯಲ್ಲಿರುವ ನಿಮ್ಮ ಕ್ಯಾಥೊಲಿಕ್ ಅತ್ತೆ ವೆಂಟಿಲೇಟರ್ ಬೇಡ ಅಂದರೆ ಅದು ಆತ್ಮಹತ್ಯೆಗೆ ಸಮವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಚುಚ್ಚುಮದ್ದು ಕೊಟ್ಟು ಸಾಯಿಸುವುದನ್ನು ಚರ್ಚ್ ಒಪ್ಪುವುದೇ ಇಲ್ಲ. ಫಲವಿಲ್ಲದ, ಹೊರೆಯಾದ ಚಿಕಿತ್ಸೆ ನಿಲ್ಲಿಸಲು ಅದರ ಅಡ್ಡಿಯಿಲ್ಲ. ನಿಮ್ಮ ಪಾದ್ರಿಗಳನ್ನೇ ಕೇಳಿ. ಪಾಶ್ಚಾತ್ಯ ಸಮೀಕ್ಷೆಗಳಲ್ಲೂ ದಯಾಮರಣಕ್ಕೆ ವಾರವಾರ ಚರ್ಚಿಗೆ ಹೋಗುವವರ ವಿರೋಧ, ಹೆಸರಿಗಷ್ಟೇ ಕ್ರೈಸ್ತರಾದವರಿಗಿಂತ ಗಟ್ಟಿ.

ಆದರೆ ಈ ವಿರೋಧವೆಲ್ಲ ಧರ್ಮದಿಂದಲೇ ಬರುವುದಿಲ್ಲ. ನಮ್ಮ ಹಳದೀಪುರದ ನರ್ಸ್ ಅರುಣಾ ಶಾನಭಾಗ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ 1973ರಿಂದ 2015ರಲ್ಲಿ ಸಾಯುವವರೆಗೆ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಮಲಗಿದ್ದರು. ದಯಾಮರಣದ ಅರ್ಜಿಯನ್ನು ಗಟ್ಟಿಯಾಗಿ ವಿರೋಧಿಸಿದವರು ಅವರಿಗೆ ದಿನಾ ಉಣಿಸಿ, ಮೈ ಒರೆಸುತ್ತಿದ್ದ ಅಲ್ಲಿನ ನರ್ಸುಗಳೇ. ಅದನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಅತ್ತೆಗೆ ಬುದ್ಧಿ ಸ್ಪಷ್ಟವಿರುವಾಗಲೇ ಲಿವಿಂಗ್ ವಿಲ್ (ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಬರೆಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. 2023ರಿಂದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಮಾಡಿಸಿದರೆ ಸಾಕು.